ನಾಯಿ ನಮ್ಮ ಮೇಲೆ ಯಜಮಾನಿಕೆ ಮಾಡುತ್ತಿದೆಯೇ? ಕೆಂಚನ ವಿಷಯದಲ್ಲಿ ಸಲಹೆ ಬೇಕು

ತೋಟದಮನೆ ಸೊಸೆ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಣಂದೂರಿನಿಂದ ಒಳಗೆ, ಟಾರು ರಸ್ತೆ ಮುಗಿದ ಮೇಲೂ ಒಂದೂವರೆ ಕಿಲೋಮೀಟರು ನಡೆಯಬೇಕಾದ ಒಂಟಿ ಮನೆ. ಮೂರು ಎಕರೆ ಅಡಿಕೆ, ನಾಲ್ಕು ದನ, ಒಂದು ನಾಯಿ. ಆ ನಾಯಿಯ ಬಗ್ಗೆಯೇ ಕೇಳಬೇಕಾಗಿದೆ. ಬರಹ ಉದ್ದವಾದರೆ ಬೇಸರಿಸಬೇಡಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ನಮಗೆ, ಒಮ್ಮೆ ಹತ್ತಿದ ಮೇಲೆ ಎಲ್ಲವನ್ನೂ ಹೇಳಿಯೇ ಇಳಿಯಬೇಕು.

ಕೆಂಚನಿಗೆ ನಾಲ್ಕು ವರ್ಷ. ಊರ ನಾಯಿಯೇ, ಆದರೆ ವಂಶದಲ್ಲಿ ಎಲ್ಲೋ ಒಂದು ಲ್ಯಾಬ್ರಡಾರ್ ನುಸುಳಿರಬೇಕು. ಮೈ ಊರ ನಾಯಿಯದು, ಜೋತು ಬಿದ್ದ ಕಿವಿ ಪೇಟೆಯದು. ಮೊದಲು ಅವನ ಜೊತೆಗೆ ಬೊಗ್ಗಿ ಎಂಬ ಹೆಣ್ಣುನಾಯಿ ಇತ್ತು. ಎರಡು ವರ್ಷದ ಹಿಂದೆ ಒಂದು ರಾತ್ರಿ ಚಿರತೆ ಅವಳನ್ನು ಜಗುಲಿಯ ಮೇಲಿನಿಂದಲೇ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ಕೆಂಚ ಕಟ್ಟಿಗೆ ರಾಶಿಯ ಹಿಂದೆ ಅಡಗಿ ಕುಳಿತಿದ್ದ, ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅಂದಿನಿಂದ ರಾತ್ರಿ ಅವನನ್ನು ಕಟ್ಟಿಗೆಮನೆಗೆ ಕೂಡುತ್ತೇವೆ. ಹಗಲು ಆಳುಗಳು ಬಂದರೆ ಮೈಮೇಲೆ ಹೋಗುತ್ತಾನೆಂದು ಅಂಗಳದ ಹಲಸಿನ ಮರಕ್ಕೆ ಕಟ್ಟುತ್ತೇವೆ. ಮೊದಲೆಲ್ಲ ಸಂಜೆ ಹೊತ್ತು ಬಿಡುತ್ತಿದ್ದೆವು. ಈ ಮಳೆಗಾಲದಲ್ಲಿ ಅದೂ ತಪ್ಪಿದೆ.

ಆರಿದ್ರೆ ಮಳೆ ಹಿಡಿದಾಗಿನಿಂದ ಊಟದ ಹೊತ್ತಿಗೆ ಗುರುಗುಟ್ಟತೊಡಗಿದ. ನನಗಲ್ಲ, ಮಾವಯ್ಯನಿಗೆ. ಮಾವಯ್ಯನಿಗೆ ಒಂದು ಅಭ್ಯಾಸವಿದೆ. ಕೆಂಚ ಮರಿಯಾಗಿದ್ದಾಗಿನಿಂದಲೂ ಅವನು ಉಣ್ಣುವಾಗ ತಟ್ಟೆಗೆ ಕೈ ಹಾಕುವುದು, ಒಮ್ಮೊಮ್ಮೆ ತಟ್ಟೆಯನ್ನೇ ಎಳೆದುಕೊಳ್ಳುವುದು. "ಸಲಿಗೆ ಕೊಟ್ಟರೆ ತಲೆಗೇರುತ್ತದೆ, ಅನ್ನ ಕೊಡುವ ಕೈ ಯಾವುದೆಂದು ಅದಕ್ಕೆ ಗೊತ್ತಿರಬೇಕು" ಎನ್ನುತ್ತಾರೆ. (ಅನ್ನ ಕಲಸಿ ಕೊಡುವ ಕೈ ನನ್ನದು. ಇರಲಿ.) ಪುನರ್ವಸು ಮಳೆಯ ಎರಡನೆಯ ದಿನ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರು ಬಂದಿದ್ದರು, ಅವನು ಬೆಳಿಗ್ಗೆಯಿಂದ ಕಟ್ಟಿಯೇ ಇದ್ದ. ಮಧ್ಯಾಹ್ನ ಮಜ್ಜಿಗೆ ಅನ್ನ ಹಾಕಿದೆ. ಮಾವಯ್ಯ ಬಗ್ಗಿ, ಪ್ರೀತಿಯಿಂದಲೇ, ಕಿವಿ ಹಿಡಿದು ತಲೆ ಅಲ್ಲಾಡಿಸಿದರು. ಕೆಂಚ ಕೈಗೆ ಬಾಯಿ ಹಾಕಿದ. ಮಣಿಕಟ್ಟಿನ ಹತ್ತಿರ ಎರಡು ಹಲ್ಲು ಇಳಿದವು.

ಅಲ್ಲಿಂದ ಮನೆಯಲ್ಲಿ ಪಂಚಾಯಿತಿಕೆ ಶುರುವಾಯಿತು. ಮಗ ಮೊಬೈಲಿನಲ್ಲಿ ಯಾರೋ ತರಬೇತುದಾರರ ವೀಡಿಯೋ ಹುಡುಕಿದ. ನಾಯಿ ತನ್ನನ್ನೇ ಯಜಮಾನ ಎಂದುಕೊಂಡಿದೆ, ಅದನ್ನು ಅಂಗಾತ ಕೆಡವಿ ಕುತ್ತಿಗೆ ಒತ್ತಿ ಹಿಡಿಯಬೇಕು, ಶರಣಾಗುವವರೆಗೂ ಬಿಡಬಾರದು ಎಂದು ಅದರಲ್ಲಿ ಹೇಳಿದ್ದರು. ನಮ್ಮವರು ಹಾಗೆಯೇ ಮಾಡಿದರು. ಕೆಂಚ ಕಾಲು ಮೇಲೆ ಮಾಡಿ, ಬಿದ್ದಲ್ಲೇ ಉಚ್ಚೆ ಹೊಯ್ದು, ನಡುಗುತ್ತಾ ಮಲಗಿದ. "ಒಪ್ಪಿಕೊಂಡ ನೋಡು" ಎಂದು ಇವರು ಎದ್ದು ಕೈ ತೊಳೆದುಕೊಂಡರು. ಎರಡು ದಿನ ಮನೆಯಲ್ಲಿ ಸದ್ದಿಲ್ಲ. ಮೂರನೆಯ ದಿನ ಸರಪಳಿ ಬಿಚ್ಚಲು ಹೋದಾಗ ಇವರ ಮುಂಗೈಯನ್ನೇ ಕಚ್ಚಿದ. ಈ ಸಲ ಗುರ್ ಎನ್ನಲೇ ಇಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೆ.

ಈಗ ಮಾವಯ್ಯ ಘಾಟಿಯ ಕೆಳಗೆ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ನಮ್ಮವರು ಇನ್ನೊಮ್ಮೆ ಸರಿಯಾಗಿ ಒತ್ತಿ ನೋಡುತ್ತೇನೆ ಎನ್ನುತ್ತಿದ್ದಾರೆ. ಈ ಮನೆಯಲ್ಲಿ ಯಜಮಾನರು ಯಾರು ಎಂಬುದು ಹದಿನಾರು ವರ್ಷದಿಂದ ನನಗೇ ಸ್ಪಷ್ಟವಾಗಿಲ್ಲ. ಆ ಪಟ್ಟಕ್ಕೆ ನಾಯಿಯೂ ಅರ್ಜಿ ಹಾಕಿದೆ ಎಂದರೆ ನಂಬುವುದು ಹೇಗೆ? ಹಾಗಿದ್ದರೆ ನನ್ನ ಮೇಲೆ ಯಾಕೆ ಒಂದು ದಿನವೂ ಗುರುಗುಟ್ಟಲಿಲ್ಲ? ತಿಳಿದವರು ಹೇಳಿ.

ಮಿಲಿಟರಿ ಭಾವ (ಸಾಗರ)

ಮೇಡಂ, ನಾನು ಸೇವೆಯಲ್ಲಿದ್ದಾಗ ನಾಯಿಗಳನ್ನು ಹತ್ತಿರದಿಂದ ಕಂಡವನು. ಈಗಲೂ ಮನೆಯಲ್ಲಿ ಎರಡು ಅಲ್ಸೇಷನ್ ಇವೆ. ನಿಮ್ಮ ಯಜಮಾನರು ಮಾಡಿದ್ದು ಸರಿ, ಆದರೆ ಬೇಗ ಬಿಟ್ಟರು. ನಾಯಿ ಎಂದರೆ ತೋಳ. ತೋಳದ ಹಿಂಡಿನಲ್ಲಿ ಒಂದೇ ಮುಖಂಡ, ಉಳಿದವು ಬಾಲ ಮುದುರಬೇಕು. ನೀವು ಉಂಡ ಮೇಲೆಯೇ ಅದಕ್ಕೆ ಹಾಕಿ. ಬಾಗಿಲಲ್ಲಿ ನಿಮಗಿಂತ ಮೊದಲು ನುಗ್ಗಲು ಬಿಡಬೇಡಿ. ಗುರ್ ಎಂದರೆ ಆ ಕ್ಷಣವೇ ಬಾರುಕೋಲು ಕಾಣಬೇಕು. ಒಮ್ಮೆ ಮೆತ್ತಗಾದರೆ ಮುಗಿಯಿತು, ಮನೆಯನ್ನೇ ಆಳುತ್ತದೆ. ಘಾಟಿಯಲ್ಲಿ ಬಿಡುವುದು ಮಾತ್ರ ಹೇಡಿತನ, ಅದನ್ನು ಮಾಡಬೇಡಿ.

ದನದ ಡಾಕ್ಟರು, ನಿವೃತ್ತ (ಹೊಸನಗರ)

ತಂಗಿ, ಮೊದಲು ಮನುಷ್ಯರ ವಿಷಯ. ಇಬ್ಬರೂ ಗಾಯವನ್ನು ಹರಿಯುವ ನೀರು, ಸೋಪು ಹಾಕಿ ಹದಿನೈದು ನಿಮಿಷ ತೊಳೆದಿದ್ದರೇ? ಲಸಿಕೆ ಶುರುವಾಗಿದೆಯೇ? ನೀವು ಬರೆದಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಹಲ್ಲು ಚರ್ಮ ದಾಟಿ ರಕ್ತ ಬಂದಿದ್ದರೆ ಬರಿಯ ಲಸಿಕೆ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಹಾಕಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಹೋಗಬೇಕು. ಅಡಿಕೆ ಕೆಲಸ ಇದೆ ಎಂದು ಕೊನೆಯದನ್ನು ಬಿಡುವವರನ್ನು ಬಹಳ ಕಂಡಿದ್ದೇನೆ, ಬಿಡಬೇಡಿ. ಕಚ್ಚಿದ ದಿನದಿಂದ ಹತ್ತು ದಿನ ನಾಯಿ ಕಣ್ಣೆದುರಿಗೇ ಇರಬೇಕು. ಹತ್ತು ದಿನ ಕಳೆದೂ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ಹುಚ್ಚಿನ ವೈರಸ್ ಇರಲಿಲ್ಲ ಎಂದು ಅರ್ಥ. ಘಾಟಿಯಲ್ಲಿ ಬಿಟ್ಟು ಬಂದರೆ ಆ ಒಂದು ನೆಮ್ಮದಿಯೂ ಘಾಟಿಯ ಪಾಲಾಗುತ್ತದೆ. ಹಾಗೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಇನ್ನು ತೋಳದ ಮಾತು. ಸಾಗರದವರು ಹೇಳಿದ್ದು ಅವರು ಕಟ್ಟಿದ ಕತೆಯಲ್ಲ. ನಮ್ಮ ಕಾಲದಲ್ಲಿ ಎಲ್ಲರೂ ಅದನ್ನೇ ನಂಬಿದ್ದೆವು, ನಾನೂ ಹತ್ತಾರು ಮನೆಗಳಲ್ಲಿ ಅದನ್ನೇ ಹೇಳಿ ಬಂದಿದ್ದೇನೆ. ಆದ್ದರಿಂದ ಅದರ ಹುಟ್ಟನ್ನು ಸ್ವಲ್ಪ ಬಿಡಿಸಿ ಹೇಳುವ ಸಾಲ ನನ್ನ ಮೇಲಿದೆ.

ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಬೇಲಿಯೊಳಗೆ ಕೂಡಿಟ್ಟಿದ್ದ ತೋಳಗಳನ್ನು ನೋಡಿ 1947ರಲ್ಲಿ ಬರೆದರು. ಅವು ಹಲ್ಲು ಕಿರಿದು, ಕಾದಾಡಿ, ಒಂದು ಮೇಲೆ ಒಂದು ಕೆಳಗೆ ಎಂದು ಸಾಲುಗಟ್ಟುತ್ತವೆ ಎಂದು ಅವರಿಗೆ ಕಂಡಿತು. ಕಂಡದ್ದು ಸುಳ್ಳಲ್ಲ. ಬೇರೆ ಬೇರೆ ಮನೆಯ ನಾಲ್ಕು ಹಸುಗಳನ್ನು ತಂದು ಒಂದೇ ಇಕ್ಕಟ್ಟಾದ ಕೊಟ್ಟಿಗೆಗೆ ಕೂಡಿ ನೋಡಿ, ನಿಮಗೂ ಹಾಗೆಯೇ ಕಾಣುತ್ತದೆ. ಡೇವಿಡ್ ಮೀಚ್ ಎಂಬ ಅಮೆರಿಕದ ತೋಳತಜ್ಞರು 1970ರ ತಮ್ಮ ಪುಸ್ತಕದಲ್ಲಿ ಇದನ್ನೇ ಮುಂದುವರಿಸಿದರು, ಲೋಕಕ್ಕೆಲ್ಲ ಹಬ್ಬಿತು. ಅದೇ ಮೀಚ್ 1986ರಿಂದ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆಗೂ ಕಾಡುತೋಳಗಳ ಹತ್ತಿರವೇ ಕುಳಿತು ನೋಡಿದರು. ಅಲ್ಲಿ ಕಂಡ ಹಿಂಡು ಎಂದರೆ ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಹೋದ ವರ್ಷದ ಮರಿಗಳು. ಪಟ್ಟಕ್ಕಾಗಿ ಯಾರೂ ಕಾದಾಡುವುದಿಲ್ಲ. ಮಕ್ಕಳು ಬೆಳೆದು ಬೇರೆ ಮನೆ ಮಾಡುತ್ತವೆ. 1999ರಲ್ಲಿ ಅವರೇ ಪ್ರಬಂಧ ಬರೆದು, ಕಾಡಿನ ಹಿಂಡಿಗೆ 'ಆಲ್ಫಾ', ಅಂದರೆ ಕಾದಾಡಿ ಗೆದ್ದ ಮುಖಂಡ, ಎಂಬ ಪದ ಸಾಮಾನ್ಯವಾಗಿ ಹೊಂದುವುದಿಲ್ಲ ಎಂದು ಹೇಳಿದರು. ತಾನು ಬರೆದದ್ದನ್ನು ತಾನೇ ತಿದ್ದುವ ವಿದ್ವಾಂಸರು ಕಡಿಮೆ. ಆದರೆ ತಿದ್ದುಪಡಿ ವೀಡಿಯೋ ಮಾಡುವವರನ್ನು ಇನ್ನೂ ತಲುಪಿದಂತಿಲ್ಲ.

ಅಲ್ಲದೆ ನಾಯಿ ತೋಳವೂ ಅಲ್ಲ. ಎಷ್ಟೋ ಸಾವಿರ ವರ್ಷ ನಮ್ಮ ಜಗುಲಿಯಲ್ಲಿ ಬಿದ್ದುಕೊಂಡು ಬೇರೆಯೇ ಪ್ರಾಣಿಯಾಗಿದೆ.

ಅಂಗಾತ ಕೆಡವುವ ಮಾತಿಗೆ ಬರೋಣ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯರು ತಮ್ಮಲ್ಲಿಗೆ ನಾಯಿಯ ನಡತೆಯ ತೊಂದರೆ ಹೇಳಿಕೊಂಡು ಬಂದವರನ್ನು ಕೇಳಿ 2009ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಉತ್ತರ ಕೊಟ್ಟವರು 140 ಮಂದಿ. ನಾಯಿಗೆ ಹೊಡೆದು ಅಥವಾ ಒದ್ದು ನೋಡಿದವರಲ್ಲಿ ನೂರಕ್ಕೆ 43 ಜನ, ಅಂಗಾತ ಕೆಡವಿ ಹಿಡಿದವರಲ್ಲಿ ನೂರಕ್ಕೆ 31 ಜನ, ದಿಟ್ಟಿಸಿ ನೋಡಿ ಹೆದರಿಸಿದವರಲ್ಲಿ ನೂರಕ್ಕೆ 30 ಜನ, ನಾಯಿ ತಿರುಗಿ ಮೈಮೇಲೆ ಬಂತು ಎಂದರು. ನಿಮ್ಮವರು ಆ 31ರಲ್ಲಿ ಒಬ್ಬರು, ಅಷ್ಟೇ. ನಡುಗುತ್ತಾ ಉಚ್ಚೆ ಹೊಯ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು. ಕಟುಕನ ಮುಂದೆ ನಿಂತ ಕರುವೂ ಹಾಗೆಯೇ ಮಾಡುತ್ತದೆ.

ನೀವು ಹೆದರಿದ್ದು ಸರಿಯಾದ ಜಾಗದಲ್ಲಿ. ಗುರುಗುಟ್ಟುವುದು ನಾಯಿ ನಮಗೆ ಕೊಡುವ ನೋಟಿಸು. ಅದಕ್ಕೆ ಮೊದಲು ಸಣ್ಣ ಸಣ್ಣ ನೋಟಿಸುಗಳೂ ಇರುತ್ತವೆ. ಉಣ್ಣುತ್ತಿದ್ದವನು ತಟಕ್ಕನೆ ಅಲುಗಾಡದೆ ನಿಲ್ಲುತ್ತಾನೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ, ಬೇಗ ಬೇಗ ನುಂಗುತ್ತಾನೆ. ಇವುಗಳನ್ನು ಯಾರೂ ಓದಲಿಲ್ಲ. ಗುರ್ ಎಂದ, ಅದಕ್ಕೆ ಶಿಕ್ಷೆಯಾಯಿತು. ಹಾಗಾಗಿ ಮುಂದಿನ ಸಲ ನೋಟಿಸು ಕೊಡುವ ಗೊಡವೆಗೇ ಹೋಗಲಿಲ್ಲ. ದಯವಿಟ್ಟು ಇನ್ನೊಮ್ಮೆ 'ಸರಿಯಾಗಿ ಒತ್ತಿ' ನೋಡುವುದು ಬೇಡ.

ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಬರಹದಲ್ಲಿಯೇ ಇದೆ. ನೀವು ಬಂದರೆ ತಟ್ಟೆಗೆ ಅನ್ನ ಬೀಳುತ್ತದೆ, ಮಾವನವರು ಬಂದರೆ ತಟ್ಟೆ ಹೋಗುತ್ತದೆ. ನಾಲ್ಕು ವರ್ಷ ದಿನಕ್ಕೆರಡು ಸಲ ನಡೆದ ಪಾಠ ಇದು. ನಿಮ್ಮ ಊಟದ ಎಲೆಗೆ ದಿನವೂ ಯಾರೋ ಕೈ ಹಾಕುತ್ತಿದ್ದರೆ ನೀವೂ ಎಲೆಯನ್ನು ತೋಳಿನಿಂದ ಮರೆಮಾಡಿಕೊಂಡು ಉಣ್ಣುತ್ತಿದ್ದಿರಿ.

ಆದರೆ ನಾಲ್ಕು ವರ್ಷ ಸಹಿಸಿದವನು ಈ ಆರಿದ್ರೆಯಲ್ಲಿ ಯಾಕೆ ತಿರುಗಿಬಿದ್ದ? ನನ್ನ ತಲೆ ಕೆರೆಯುತ್ತಿರುವುದು ಅಲ್ಲಿ. ಜೋತು ಬಿದ್ದ ಕಿವಿ ಎಂದಿರಿ, ಮಳೆಗಾಲ ಎಂದಿರಿ, ಕಿವಿ ಹಿಡಿದು ಅಲ್ಲಾಡಿಸಿದಾಗ ಕಚ್ಚಿದ ಎಂದಿರಿ. ನಿಮ್ಮವರು ಒತ್ತಿ ಹಿಡಿದದ್ದೂ ಕುತ್ತಿಗೆಯನ್ನು, ಸರಪಳಿ ಬಿಚ್ಚಲು ಕೈ ಹೋದದ್ದೂ ಅಲ್ಲಿಗೇ. ಅವನು ತಲೆ ಕೊಡವುತ್ತಾನೆಯೇ? ಒಂದು ಪಕ್ಕಕ್ಕೆ ತಲೆ ವಾಲಿಸುತ್ತಾನೆಯೇ? ಕಿವಿಯ ಹತ್ತಿರ ಹುಳಿ ವಾಸನೆ ಬರುತ್ತದೆಯೇ? ಗಡಿಬಿಡಿಯಲ್ಲಿ ನೀವೇ ಕೈ ಹಾಕಿ ನೋಡಲು ಹೋಗಬೇಡಿ. ಹಳೆಯ ಸೀರೆಯ ಅಂಚಿನಿಂದ ಮೂತಿ ಕಟ್ಟಿ ತಾಲ್ಲೂಕಿನ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮೂತಿ ಕಟ್ಟಿದ್ದು ಕೆಲವು ನಿಮಿಷ ಮಾತ್ರ ಇರಲಿ, ನಾಯಿಗೆ ಸೆಕೆ ಹೋಗುವುದು ಬಾಯಿಯಿಂದಲೇ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಉಣುಗು ಹತ್ತಿದೆಯೇ ಎಂದೂ ನೋಡಲಿ. ಉಣುಗಿನ ಜ್ವರ ಬಂದರೆ ಮೈಕೈ ನೋವಿಗೇ ಎಷ್ಟೋ ನಾಯಿ ಮುಟ್ಟಗೊಡುವುದಿಲ್ಲ.

ಮಿಲಿಟರಿ ಭಾವ (ಸಾಗರ)

ಡಾಕ್ಟರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟು ಒಂದು ಮಾತು. ನಾಯಿಗಳಲ್ಲಿ ಮೇಲು ಕೆಳಗು ಎಂಬುದೇ ಇಲ್ಲವೇ? ನಮ್ಮ ಮನೆಯ ಎರಡರಲ್ಲಿ ಹೆಣ್ಣು ಬಂದರೆ ಗಂಡು ಜಾಗ ಬಿಟ್ಟು ಏಳುತ್ತದೆ. ಇದನ್ನು ಏನೆಂದು ಕರೆಯುತ್ತೀರಿ?

ದನದ ಡಾಕ್ಟರು, ನಿವೃತ್ತ (ಹೊಸನಗರ)

ಇಲ್ಲ ಎಂದು ನಾನು ಹೇಳಲಿಲ್ಲ. ಹೇಳಿದರೆ ನನ್ನ ಕೊಟ್ಟಿಗೆಯೇ ನಗುತ್ತದೆ. ನಮ್ಮಲ್ಲಿ ಆರು ಮಲೆನಾಡು ಗಿಡ್ಡಗಳಿದ್ದವು. ಬೆಟ್ಟಕ್ಕೆ ಹೊರಡುವಾಗ ಗೌರಿ ಮುಂದೆ, ಉಳಿದವು ಹಿಂದೆ. ಬಾನಿಯ ಹತ್ತಿರ ಮಾತ್ರ ಗೌರಿಯನ್ನು ತಳ್ಳಿ ಸಣ್ಣ ತುಂಗೆ ಮೊದಲು ಬಾಯಿ ಹಾಕುತ್ತಿದ್ದಳು. ಹಾಗಾದರೆ ಯಜಮಾನಿ ಯಾರು? ಮೇಲು ಕೆಳಗು ಎಂಬುದು ಎರಡು ಪ್ರಾಣಿಗಳ ನಡುವೆ, ಒಂದು ವಸ್ತುವಿನ ವಿಷಯಕ್ಕೆ, ಹಲವು ಸಲ ನಡೆದು ರೂಢಿಯಾದ ಒಪ್ಪಂದ. ಯಾವುದೋ ಒಂದು ನಾಯಿಯ ರಕ್ತದಲ್ಲಿರುವ ಗುಣ ಅಲ್ಲ. ನಿಮ್ಮ ಹೆಣ್ಣುನಾಯಿಗೆ ಗಂಡು ಜಾಗ ಬಿಡುತ್ತದೆ, ಸರಿ. ಮೂಳೆಯನ್ನೂ ಬಿಡುತ್ತದೆಯೇ, ನೋಡಿ ಹೇಳಿ.

ನಿಮ್ಮ ಅಲ್ಸೇಷನ್‌ಗಳು ಬಾಗಿಲಲ್ಲಿ ನಿಂತು ಕಾಯುತ್ತವೆ ಎಂದರೆ ನೀವು ಚೆನ್ನಾಗಿ ಕಲಿಸಿದ್ದೀರಿ. ಆ ಕಲಿಕೆಗೆ ಬಾರುಕೋಲು ಕಾರಣವೋ, ದಿನವೂ ತಪ್ಪದೆ ನೀವು ಕೊಟ್ಟ ಹೊತ್ತು ಕಾರಣವೋ? ಎರಡನೆಯದೇ ಎಂದು ನನ್ನ ಊಹೆ.

ಕಾಫಿತೋಟದಾಕೆ (ಕೊಪ್ಪ)

ಸರಪಳಿಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಹಗಲೆಲ್ಲ ಮರಕ್ಕೆ, ರಾತ್ರಿಯೆಲ್ಲ ಕೋಣೆಗೆ ಎಂದರೆ ಆ ನಾಯಿ ಓಡುವುದು ಯಾವಾಗ ಅಕ್ಕ? ನಮ್ಮಲ್ಲೂ ಹೀಗೆಯೇ ಆಗಿತ್ತು. ಕಟ್ಟಿಹಾಕಿದ ನಾಯಿಗೆ ಹೆದರಿಕೆಯಾದರೆ ಓಡಲು ದಾರಿಯಿಲ್ಲ, ಉಳಿಯುವುದು ಹಲ್ಲು ಮಾತ್ರ. ನಾವು ಎರಡು ಸಿಲ್ವರ್ ಓಕ್ ಮರಗಳ ನಡುವೆ ಆಳೆತ್ತರದಲ್ಲಿ ತಂತಿ ಎಳೆದು, ಅದಕ್ಕೆ ಬಳೆ ಹಾಕಿ ಸರಪಳಿ ಸಿಕ್ಕಿಸಿದೆವು. ಅರವತ್ತು ಅಡಿ ಅತ್ತಿತ್ತ ಓಡಾಡುತ್ತದೆ. ಎರಡೂ ತುದಿಯಲ್ಲಿ ಒಂದೊಂದು ಗಂಟು ಹಾಕಿ ಬಳೆ ನಿಲ್ಲುವಂತೆ ಮಾಡಿ, ಇಲ್ಲದಿದ್ದರೆ ಮರಕ್ಕೆ ಸುತ್ತಿಕೊಳ್ಳುತ್ತದೆ. ಆದರೂ ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತೋಟ ಸುತ್ತಿಸುವುದನ್ನು ಬಿಟ್ಟಿಲ್ಲ.

ಚಿರತೆಯ ವಿಷಯಕ್ಕೆ: ರಾತ್ರಿ ಕೂಡುವುದನ್ನು ನಿಲ್ಲಿಸಬೇಡಿ, ಯಾರು ಏನೇ ಹೇಳಲಿ. ನಮ್ಮ ಅಜ್ಜ ಮುಳ್ಳಿನ ಕಬ್ಬಿಣದ ಪಟ್ಟಿ ಮಾಡಿಸಿ ಹಾಕುತ್ತಿದ್ದರು. ಈಗ ಅದು ಅಟ್ಟದ ಮೇಲಿದೆ. ಗಟ್ಟಿ ಬಾಗಿಲಿನ ಗೂಡೇ ಮೇಲು. ಕಟ್ಟಿಗೆಮನೆಯ ಬಾಗಿಲ ಕೆಳಗೆ ಸಂದು ಇದ್ದರೆ ಮುಚ್ಚಿಸಿ. ಚಿರತೆ ಒಳಗೆ ಬಾರದಿದ್ದರೂ ಹೊರಗೆ ಬಂದು ಮೂಸಿದರೆ ನಾಯಿಗೆ ಬೆಳಗಿನವರೆಗೂ ನಿದ್ದೆ ಇರುವುದಿಲ್ಲ. ನಿದ್ದೆಗೆಟ್ಟ ನಾಯಿಯ ಸಿಟ್ಟು ನಿದ್ದೆಗೆಟ್ಟ ಅತ್ತೆಯ ಸಿಟ್ಟಿನಂತೆ. (ನಮ್ಮತ್ತೆ ಇದನ್ನು ಓದುವುದಿಲ್ಲ.)

ದನದ ಡಾಕ್ಟರು, ನಿವೃತ್ತ (ಹೊಸನಗರ)

ಕೊಪ್ಪದ ತಂಗಿ ಹೇಳಿದ್ದು ನಾನು ಬಿಟ್ಟ ಮಾತು, ಒಪ್ಪಿದೆ. ನಾನು ಹೇಳಿದ ಅದೇ ಕಾಯಿದೆಯಲ್ಲಿ ತೀರ ಮೋಟು ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದೂ ತಪ್ಪುಗಳ ಪಟ್ಟಿಯಲ್ಲಿವೆ. ಕಾಯಿದೆಗಾಗಿ ಅಲ್ಲದಿದ್ದರೂ ನಿಮ್ಮವರ ಮುಂಗೈಗಾಗಿಯಾದರೂ ತಂತಿ ಎಳೆಯಿರಿ.

ತೋಟದಮನೆ ಸೊಸೆ (ತೀರ್ಥಹಳ್ಳಿ ತಾಲ್ಲೂಕು)

ಡಾಕ್ಟರಣ್ಣ, ಕಾಲಿಗೆ ಬೀಳಬೇಕು ಎನಿಸಿತು. ಕಿವಿಯೇ!

ಮೊನ್ನೆ ಜೀಪಿನಲ್ಲಿ ಕರೆದುಕೊಂಡು ಹೋದೆವು. ಎಡಗಿವಿಯ ಒಳಗೆ ಕಾಫಿ ಗಷ್ಟಿನಂಥ ಕಪ್ಪು ಹೊಲಸು, ಒಳಚರ್ಮ ಕೆಂಪಾಗಿ ಊದಿ ಕಿವಿಯ ತೂತೇ ಕಿರಿದಾಗಿತ್ತು. ಬೆಳಕು ಹಾಕಿ ನೋಡಿದ ಡಾಕ್ಟರು "ಇಷ್ಟು ನೋವಿದ್ದರೆ ನಾನಾಗಿದ್ದರೂ ಕಚ್ಚುತ್ತಿದ್ದೆ" ಎಂದರು. ಮಂಪರು ಬರುವ ಚುಚ್ಚುಮದ್ದು ಕೊಟ್ಟು ತೊಳೆದರು. ದಿನಕ್ಕೆರಡು ಸಲ ಹನಿ, ಎರಡು ವಾರ. ಹನಿ ಹಾಕುವವಳು ನಾನು. ಉಣುಗು ಹನ್ನೊಂದು ಸಿಕ್ಕವು, ಮೈಗೆ ಔಷಧಿ ಬಿಟ್ಟಿದ್ದಾರೆ. ಉಣುಗು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಅತ್ತೆಯವರು ನನ್ನನ್ನು ಬಚ್ಚಲಿಗೆ ಕಳಿಸಿ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದರು.

ಲಸಿಕೆ ಇಬ್ಬರಿಗೂ ಶುರುವಾಗಿತ್ತು, ಬರೆಯುವುದಕ್ಕೆ ಮರೆತಿದ್ದೆ. ಗಾಯದ ಸುತ್ತ ಹಾಕುವ ಚುಚ್ಚುಮದ್ದೂ ಆಗಿದೆ. ಮಾವಯ್ಯ 28ನೆಯ ದಿನದ್ದು ಬೇಡ ಎನ್ನುತ್ತಿದ್ದಾರೆ, ನಿಮ್ಮ ಬರಹವನ್ನು ಗಟ್ಟಿಯಾಗಿ ಓದಿ ಹೇಳಿದ್ದೇನೆ. ತೋಳದ ಭಾಗವನ್ನೂ ಓದಿದೆ. ಕಣ್ಣು ಮುಚ್ಚಿ ಕೇಳಿ "ಆ ವಿಜ್ಞಾನಿ ಒಪ್ಪಿಕೊಂಡನೋ ತಪ್ಪಾಯಿತೆಂದು?" ಎಂದರು. ಹೌದು ಎಂದೆ. "ದೊಡ್ಡ ಮನುಷ್ಯ" ಎಂದು ಎದ್ದು ಹೋದರು. ನಮ್ಮವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹಲಸಿನ ಮರದಿಂದ ಬಾವಿಕಟ್ಟೆಯ ಮಾವಿನ ಮರಕ್ಕೆ ತಂತಿ ಎಳೆಯುತ್ತಿದ್ದರು.

ಈಗ ಊಟದ ಸಮಯದ ಗುರುಗುಟ್ಟುವಿಕೆಗೆ ಏನು ಮಾಡಲಿ? ಕಿವಿ ವಾಸಿಯಾದರೆ ಅದೂ ಹೋಗುತ್ತದೆಯೇ? ನಮ್ಮ ಮನೆಯೊಳಗೆ ಮೊಟ್ಟೆ ಮಾಂಸ ಬರುವುದಿಲ್ಲ, ವೀಡಿಯೋಗಳಲ್ಲಿ ಹೇಳುವ ಕೋಳಿ ಚೂರು ನನ್ನ ಕೈಲಿ ಆಗದು.

ದನದ ಡಾಕ್ಟರು, ನಿವೃತ್ತ (ಹೊಸನಗರ)

ತಾನಾಗಿಯೇ ಹೋಗುವುದಿಲ್ಲ. ನೋವು ಬೆಂಕಿಗೆ ಗಾಳಿ ಹಾಕಿತ್ತು, ಕೆಂಡ ಮೊದಲೇ ಇತ್ತು. ಅವನು ಉಣ್ಣುವಾಗ ಯಾರೂ ಹತ್ತಿರ ಸುಳಿಯದಿದ್ದರೆ ಅರ್ಧ ಕೆಲಸ ಆದಂತೆಯೇ. ಜನ ಓಡಾಡದ ಮೂಲೆಯಲ್ಲಿ ಹಾಕಿ, ಉಂಡು ಅವನು ದೂರ ಹೋದ ಮೇಲೆ ತಟ್ಟೆ ತೆಗೆಯಿರಿ.

ಉಳಿದರ್ಧಕ್ಕೆ ಕೋಳಿ ಬೇಕಿಲ್ಲ. ತೆಂಗಿನಕಾಯಿ ಚೂರಿಗೆ ಬಾಲ ಆಡಿಸದ ನಾಯಿಯನ್ನು ನಾನು ಮಲೆನಾಡಿನಲ್ಲಿ ಕಂಡಿಲ್ಲ. ಮಾವನವರು, ಅವರೇ ಆಗಬೇಕು, ಅವನು ಉಣ್ಣುವಾಗ ಹತ್ತು ಹೆಜ್ಜೆ ದೂರದಲ್ಲಿ ನಡೆದು ಹೋಗಲಿ. ಹೋಗುತ್ತಾ ತಟ್ಟೆಯ ಕಡೆ ಒಂದು ಚೂರು ಎಸೆಯಲಿ, ನಿಲ್ಲದೆ ಹೋಗಲಿ. ಮಾತಿಲ್ಲ, ಮುಟ್ಟುವುದಿಲ್ಲ, ದಿಟ್ಟಿಸುವುದಿಲ್ಲ. ಸರಪಳಿ ಮುಟ್ಟದ ದೂರ ಎಷ್ಟೆಂದು ಮೊದಲು ಅಳೆದು ಇದ್ದಿಲಿನಲ್ಲಿ ಗೆರೆ ಹಾಕಿಕೊಳ್ಳಿ, ಅವರ ಕಾಲು ಆ ಗೆರೆ ದಾಟಬಾರದು. ಅವರು ಬರುವುದು ಕಂಡರೆ ಕೆಂಚ ತಲೆಯೆತ್ತಿ, ಮೈ ಸಡಿಲಾಗಿ, ಚೂರು ಎಲ್ಲಿ ಎಂದು ನೋಡಬೇಕು. ಅಷ್ಟಾದ ಮೇಲೆ ಒಂಬತ್ತು ಹೆಜ್ಜೆ. ಸೆಟೆದು ನಿಂತನೋ, ಬೇಗ ಬೇಗ ನುಂಗಿದನೋ, ಮತ್ತೆ ಹತ್ತಕ್ಕೇ ಹಿಂದಿರುಗಿ. ವಾರಕ್ಕೊಂದು ಹೆಜ್ಜೆ ಆದರೂ ಲಾಭವೇ. ನಿಮ್ಮ ಮಗ ಇದನ್ನು ಮಾಡುವುದು ಬೇಡ, ಅವನಿಗೆ ಆ ಕಡೆ ಸುಳಿಯಬೇಡ ಎನ್ನಿ. ಮಕ್ಕಳಿಗೆ ನಾಯಿಯ ಮುಖದ ಎತ್ತರವೇ ಅಪಾಯ.

ಬೀಜ ಒಡೆಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲೆದಾಟ, ಹೆಣ್ಣಿಗಾಗಿ ಕಾದಾಟ ಕಡಿಮೆಯಾಗಬಹುದು, ಅನ್ನದ ತಟ್ಟೆಯ ಹೆದರಿಕೆಗೆ ಅದು ಮದ್ದಲ್ಲ. ಜೊತೆಗೆ ಬಾಯಿಕುಕ್ಕೆ ಹಾಕಿಸಿಕೊಳ್ಳುವುದನ್ನು ಕಲಿಸಿ. ಎತ್ತಿಗೆ ಕಟ್ಟುವಂಥದಲ್ಲ, ನಾಯಿಗೆಂದೇ ಬುಟ್ಟಿಯಂತೆ ಮಾಡಿದ್ದು ಸಿಗುತ್ತದೆ. ಒಳಗೆ ಚೂರು ಹಾಕಿ ಅವನಾಗಿಯೇ ಮೂತಿ ತೂರಿಸುವಂತೆ ಮಾಡಿ, ಬಲವಂತ ಬೇಡ.

ಮಿಲಿಟರಿ ಭಾವ (ಸಾಗರ)

ಮೂಳೆಯನ್ನು ಬಿಡಲಿಲ್ಲ. ಗಂಡು ಹೆಣ್ಣಿಗೇ ಹಲ್ಲು ತೋರಿಸಿತು, ಅವಳು ಸುಮ್ಮನೆ ಬೇರೆ ಕಡೆ ಹೋಗಿ ಮಲಗಿದಳು. ವರದಿ ಒಪ್ಪಿಸಿದ್ದೇನೆ ಡಾಕ್ಟರೇ. ಬಾರುಕೋಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ.

ತೋಟದಮನೆ ಸೊಸೆ (ತೀರ್ಥಹಳ್ಳಿ ತಾಲ್ಲೂಕು)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಈಗ ಆಶ್ಲೇಷ ಮಳೆ, ಗುಡ್ಡ ಹತ್ತುವುದೇ ಕಷ್ಟ.

ಕಿವಿ ಒಣಗಿದೆ. ತಂತಿಯ ಮೇಲೆ ಓಡಿ ಓಡಿ ಅಂಗಳದಲ್ಲಿ ಒಂದು ಸಣ್ಣ ಕಾಲುವೆಯೇ ಬಿದ್ದಿದೆ, ಅದರಲ್ಲಿ ನೀರು ನಿಲ್ಲುತ್ತದೆ ಎಂದು ಅತ್ತೆಯವರ ತಕರಾರು. ಬೆಳಿಗ್ಗೆ ನಮ್ಮವರು, ಸಂಜೆ ನಾನು ಹಗ್ಗ ಹಿಡಿದು ತೋಟದ ಕೆಳಗಿನ ಹಳ್ಳದವರೆಗೆ ಹೋಗಿ ಬರುತ್ತೇವೆ. ನಮ್ಮವರನ್ನು ಕಂಡರೆ ಕೆಂಚ ಈಗಲೂ ಒಂದು ಗಳಿಗೆ ಬಾಲ ಇಳಿಸಿ ನಿಲ್ಲುತ್ತಾನೆ, ಆಮೇಲೆ ಬರುತ್ತಾನೆ. ಆ ಒಂದು ಗಳಿಗೆಯನ್ನು ಇವರೂ ಗಮನಿಸಿದ್ದಾರೆ ಎಂದು ನನಗೆ ಗೊತ್ತು. ಅವರು ಅದರ ಬಗ್ಗೆ ಮಾತಾಡಿಲ್ಲ, ನಾನು ಕೇಳಿಲ್ಲ.

ಮಾವಯ್ಯ ಹತ್ತರಿಂದ ಆರು ಹೆಜ್ಜೆಗೆ ಬಂದಿದ್ದಾರೆ. ಮೊನ್ನೆ ಕಂಬಳಿಕೊಪ್ಪೆ ಹಾಕಿಕೊಂಡು ಹೋದದ್ದಕ್ಕೆ ಅವನು ಗುರ್ ಎಂದ. ಗುರ್ ಎಂದದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಡುಗೆಮನೆಯಿಂದ ಓಡಿ ಬಂದು ನಗುತ್ತಾ ನಿಂತೆ. ಮಾವಯ್ಯನಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು. ಅವರು ಹಿಂದೆ ಸರಿದು, ಕೊಪ್ಪೆ ತೆಗೆದು ಜಗುಲಿಗೆ ಎಸೆದು, ಮಳೆಯಲ್ಲಿ ನೆನೆಯುತ್ತಲೇ ಮತ್ತೆ ಹತ್ತು ಹೆಜ್ಜೆಯಿಂದ ನಡೆದರು. ತೆಂಗಿನಕಾಯಿ ಚೂರನ್ನು ಪಂಚೆಯ ಗಂಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಇದೆಲ್ಲ ಮೊಬೈಲಿನವರು ಹೇಳಿದ್ದಕ್ಕೆ ಅಲ್ಲವಂತೆ, ಕಾಯಿ ಹಾಳಾಗಬಾರದು ಎಂದಂತೆ.

ಮೊಟ್ಟೆಗೂ ದಾರಿ ಸಿಕ್ಕಿದೆ. ಕೊಟ್ಟಿಗೆಯ ಹಿಂದೆ ದನಕ್ಕೆ ಹುರುಳಿ ಬೇಯಿಸುವ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ. ಅತ್ತೆಯವರು ಆ ಕಡೆ ನೋಡುವುದಿಲ್ಲ.

ಬಾಯಿಕುಕ್ಕೆ ತರಿಸಬೇಕು. ಶಿವಮೊಗ್ಗಕ್ಕೆ ಹೋಗುವವರು ನಾಳೆ ಇದ್ದಾರೆ. ಅಳತೆ ಹೇಗೆ ತೆಗೆಯುವುದು ಡಾಕ್ಟರಣ್ಣ?

ದನದ ಡಾಕ್ಟರು, ನಿವೃತ್ತ (ಹೊಸನಗರ)

ಬಾಯಿ ಮುಚ್ಚಿದ್ದಾಗ ಮೂಗಿನ ತುದಿಯಿಂದ ಕಣ್ಣಿಗೆ ಒಂದು ಬೆರಳು ಕೆಳಗಿನವರೆಗೆ ಉದ್ದ. ಬಾಯಿ ತೆರೆದು ಏದುಸಿರು ಬಿಡುವಾಗ ಮೂತಿಯ ಅತಿ ದಪ್ಪ ಭಾಗದ ಸುತ್ತಳತೆ. ಟೇಲರ್ ಟೇಪು ಅವನಿಗೆ ಹೆದರಿಕೆಯಾದರೆ ಬಾಳೆನಾರು ಹಿಡಿದು ಅಳೆದು ಗಂಟು ಹಾಕಿಕೊಳ್ಳಿ. ಅಂಗಡಿಯಲ್ಲಿ ಬಟ್ಟೆಯದು ಅಗ್ಗ ಎಂದು ತೋರಿಸುತ್ತಾರೆ, ಬೇಡ. ಅದನ್ನು ಹಾಕಿದರೆ ಬಾಯಿ ತೆರೆಯಲಾಗದು. ಬುಟ್ಟಿಯಂಥದ್ದೇ ಇರಲಿ, ಸಂದಿನಲ್ಲಿ ಕಾಯಿಚೂರು ತೂರುವಷ್ಟು ಅಗಲ ಇದೆಯೇ ನೋಡಿ ತರಲು ಹೇಳಿ.